ಅಪ್ಪ ಸಡಿಲ ಬಿಡುತ್ತಿದ್ದ ತಂತಿ

ನಾನು ದೆವ್ವಗಿವ್ವ ನಂಬುವವನಲ್ಲ. ಬಿಗಿದ ತಂತಿ ಬಿಗಿಯಾಗಿರಬೇಕು ಅನ್ನುವವನು. ದೇಶವಿದೇಶದ ಕಲಾವಿದರ ಸ್ನೇಹಕ್ಕೆಂದೇ ಕಟ್ಟಿದ ಹಳೇ ಕ್ಲಬ್ಬೊಂದರ ಪಿಯಾನೋ ಶ್ರುತಿ ಮಾಡುವುದು ಮೊದಲು ಅಪ್ಪನ ಕೆಲಸ, ಈಗ ನನ್ನದು. ಅಪ್ಪ ಒಂದು ತಂತಿಯನ್ನು ಮಾತ್ರ ಕೂದಲೆಳೆಯಷ್ಟು ಸಡಿಲ ಬಿಡುತ್ತಿದ್ದರು. ಅಲ್ಲಿ ದಿನಾ ನುಡಿಸುತ್ತಿದ್ದ ಪರದೇಶದ ಅಜ್ಜಿಯೊಬ್ಬರ ತವರಿನ ಪಿಯಾನೋ ಹಾಗೇ ಅಪಸ್ವರ ಹೊರಡಿಸುತ್ತಿತ್ತಂತೆ. "ಇದನ್ನ ಕೇಳಿದ್ರೆ ಅಮ್ಮನ ಮನೆಗೆ ಹೋಗಿಬಂದ ಹಾಗಾಗತ್ತೆ" ಅನ್ನುತ್ತಿದ್ದರು ಆ ಅಜ್ಜಿ.

ಇಬ್ಬರೂ ತೀರಿಕೊಂಡ ಮೇಲೆ ನಾನು ಆ ತಂತಿ ಬಿಗಿದೆ. ಮರುವಾರ ಸಡಿಲವಾಗಿತ್ತು. ಎಷ್ಟು ಸಲ ಬಿಗಿದರೂ ಅದೇ ಕಥೆ.

ಹೋದ ಭಾನುವಾರ ಸಂಜೆ ಅಲ್ಲಿ ಕಾರ್ಯಕ್ರಮವಿತ್ತು. ಮಧ್ಯಾಹ್ನವೇ ಕಾರ್ಯದರ್ಶಿ ರೇಗಿದರು: "ಏನ್ರೀ, ನಿಮ್ಮಪ್ಪನ ಕೈಗುಣ ನಿಮಗೆ ಬರ್ಲೇ ಇಲ್ವಲ್ಲ! ಇವತ್ತೂ ಹೀಗೇ ಆದ್ರೆ ಬೇರೆಯವರನ್ನ ನೋಡ್ಕೋತೀವಿ."

ತಂತಿ ಬಿಗಿದು, ಪಿಯಾನೋ ಮುಚ್ಚಳಕ್ಕೆ ಬೀಗ ಹಾಕಿ, ಬೀಗದ ಕೈ ಜೇಬಿಗಿಳಿಸಿ, ಚಹಾ ಕುಡಿದು ಬಂದೆ. ಬೀಗ ಹಾಗೇ ಇತ್ತು. ತೆಗೆದು ನೋಡಿದರೆ ತಂತಿ ಸಡಿಲವಾಗಿತ್ತು. ಸ್ಟೂಲು ಯಾರೋ ಈಗಷ್ಟೇ ಎದ್ದುಹೋದಂತೆ ಬೆಚ್ಚಗಿತ್ತು.

ಮತ್ತೆ ಬಿಗಿಯಲು ಮನಸ್ಸಾಗಲಿಲ್ಲ. ಕೆಲಸ ಹೋದರೆ ಹೋಗಲಿ ಎಂದು ಹಾಗೇ ಬಿಟ್ಟು ಮನೆಗೆ ಬಂದೆ.

ಅಪ್ಪ ಹೋದಾಗಿನಿಂದ ಮುಟ್ಟದಿದ್ದ ಅವರ ಪೆಟ್ಟಿಗೆ ತೆರೆದೆ. ತಂತಿ ಬಿಗಿಯುವ, ಸಡಿಲಿಸುವ ಅವರ ಸ್ಪ್ಯಾನರು ಕೂಡ ಬೆಚ್ಚಗಿತ್ತು.