ಕೈ ಅಡ್ಡ ಹಿಡಿದವಳು

“ನನ್ನ ಫೋಟೋ ತೆಗೆದ್ರಾ?” ಕೃಪಾ ತಲೆಯೆತ್ತದೆಯೇ ಕೇಳಿದಳು.

ಯತೀಶನ ಕಿವಿ ಕೆಂಪಾಯಿತು. ಸಿಡ್ನಿಯ ಗ್ಯಾಲರಿಯೊಂದರ ಹಳೆಯ ಫೋಟೋಗಳನ್ನು ವೆಬ್‌ಸೈಟಿಗೆ ಹಾಕಿಕೊಡಲು ಅವನು ತನ್ನ ಕಂಪನಿಯ ಪರವಾಗಿ ಮೆಲ್ಬರ್ನಿನಿಂದ ಬಂದು ಎರಡೇ ದಿನವಾಗಿತ್ತು. ಅವುಗಳಿಗೆ ವಿವರ ಬರೆಯುವವಳು ಕೃಪಾ. ಅವಳ ಕೆನ್ನೆಯ ಮೇಲೆ ಬಿದ್ದಿದ್ದ ಕಿಟಕಿಯ ಬೆಳಕಿಗೆ ಮನಸೋತು ಮೊಬೈಲ್ ಎತ್ತಿಬಿಟ್ಟಿದ್ದ.

“ಸಾರಿ. ಚೆನ್ನಾಗಿ ಕಾಣ್ತಿದ್ರಿ.”

“ಈ ಹಳೇ ಫೋಟೋ ತೆಗೆದವನೂ ಹಾಗೇ ಅಂದಿರ್ತಾನೆ. ಬನ್ನಿ ಇಲ್ಲಿ.”

ಅವಳು ಮೇಜಿನ ಮೇಲೆ ಮೂರು ಫೋಟೋ ಜೋಡಿಸಿದಳು. ನೂರೈವತ್ತು ವರ್ಷದ ಹಿಂದೆ ಯುರೋಪಿನ ಪ್ರವಾಸಿಯೊಬ್ಬ ಕೈರೋದಲ್ಲಿ ತೆಗೆದವು. ಅಡಿಯಲ್ಲಿ ಅವನದೇ ಬರಹ: ಅರಬ್ ಮದುಮಗಳು, ಅರಬ್ ನರ್ತಕಿ, ಮರುಭೂಮಿಯ ಹೆಣ್ಣು.

“ಹುಬ್ಬು ನೋಡಿ.”

ಮೂರರಲ್ಲೂ ಹುಬ್ಬಿನ ಮೇಲೆ ಒಂದೇ ಗಾಯದ ಗುರುತು. ಒಬ್ಬಳೇ ಹೆಂಗಸು, ಬಟ್ಟೆ ಮಾತ್ರ ಬೇರೆ. ಹಿಂದಿದ್ದ ಮರುಭೂಮಿ ಬಣ್ಣ ಬಳಿದ ಪರದೆ.

“ಯುರೋಪಲ್ಲಿ ಕೂತವರು ಇದನ್ನ ನೋಡಿ ಅರಬ್ಬರಂದ್ರೆ ಹೀಗೇ ಅಂದ್ಕೊಂಡ್ರು. ಇವಳ ಹೆಸರು ಮಾತ್ರ ಯಾರೂ ಬರೆದಿಡ್ಲಿಲ್ಲ.”

ಯತೀಶ ಮೊಬೈಲನ್ನು ಅವಳ ಕೈಗೇ ಕೊಟ್ಟ. ಅವಳೇ ಫೋಟೋ ಅಳಿಸಿದಳು.

ಮೆಲ್ಬರ್ನಿನ ಡ್ಯಾಂಡಿನಾಂಗಿನ ತನ್ನ ಮನೆಗೆ ಮರಳಿದ ಮೇಲೂ ಆ ಹೆಂಗಸು ಅವನನ್ನು ಬಿಡಲಿಲ್ಲ. ಕೃಪಾಳೂ ಬಿಡಲಿಲ್ಲ. ಸ್ಕ್ಯಾನ್ ಆದ ನಾನೂರು ಫೋಟೋಗಳಲ್ಲಿ ಆ ಹುಬ್ಬನ್ನು ಹುಡುಕುತ್ತ ಹೋದ. ಸಿಕ್ಕಾಗಲೆಲ್ಲ ಕೃಪಾಳಿಗೆ ಫೋನ್, ಸಿಗದಿದ್ದಾಗಲೂ ಫೋನ್.

“ಇವತ್ತೇನು ಸಿಕ್ತು?”

“ಏನಿಲ್ಲ. ನಿಮ್ಮ ಧ್ವನಿ ಕೇಳೋಣ ಅಂತ.”

ಆ ಕಡೆ ಸಣ್ಣ ನಗು. ಫೋನ್ ಇಡಲಿಲ್ಲ.

ಐದನೇ ವಾರ, ಕೆಟ್ಟುಹೋದವೆಂದು ಬೇರೆ ಇಟ್ಟಿದ್ದ ಫೋಟೋಗಳಲ್ಲಿ ಆ ಹೆಂಗಸು ಮತ್ತೆ ಸಿಕ್ಕಳು. ಕ್ಯಾಮೆರಾಗೆ ಅಂಗೈ ಅಡ್ಡ ಹಿಡಿದಿದ್ದಳು. ಕೈ ಅಲುಗಿ ಮಸುಕಾಗಿತ್ತು. ಸಿಟ್ಟಿನ ಕಣ್ಣು ಮಾತ್ರ ನಿಚ್ಚಳ.

“ನಮ್ಮ ಪ್ರದರ್ಶನಕ್ಕೆ ಇದೇ ಪೋಸ್ಟರ್ ಆಗ್ಬೇಕು,” ಎಂದಳು ಕೃಪಾ. ಗ್ಯಾಲರಿಯ ಮ್ಯಾನೇಜರ್‌ಗೆ ನರ್ತಕಿಯ ಫೋಟೋನೇ ಬೇಕಿತ್ತು. ಹಾಗಾದರೆ ಪ್ರದರ್ಶನದಿಂದ ನನ್ನ ಹೆಸರು ತೆಗೆಯಿರಿ ಎಂದು ಅವಳು ಹೇಳಿಬಿಟ್ಟಳು. ಅವಳದು ಕಾಂಟ್ರ್ಯಾಕ್ಟ್ ಕೆಲಸ, ಯಾವಾಗ ಬೇಕಾದರೂ ಹೋಗಬಹುದಿತ್ತು. ಯತೀಶ ಆ ಹೆಂಗಸಿನ ಹನ್ನೊಂದು ಫೋಟೋಗಳನ್ನೂ ಒಂದೇ ಪುಟದಲ್ಲಿ ಜೋಡಿಸಿ ಮ್ಯಾನೇಜರ್‌ಗೆ ಕಳಿಸಿದ. ಮೂರನೆಯ ದಿನ ಪೋಸ್ಟರ್ ಬದಲಾಯಿತು.

ಪ್ರದರ್ಶನ ಶುರುವಾದ ಬೆಳಿಗ್ಗೆ ಅವನು ಫ್ಲೈಟ್ ಹತ್ತಿ ಬಂದ. ಮಸುಕು ಫೋಟೋದ ಅಡಿಯಲ್ಲಿ ಕೃಪಾ ಬರೆದಿದ್ದಳು: ಕೈರೋದ ಒಬ್ಬ ಹೆಂಗಸು. ಹೆಸರು ನಮಗೆ ತಿಳಿಯದು.

ಇಬ್ಬರೂ ಅದರ ಮುಂದೆ ನಿಂತರು.

“ಸಿಡ್ನಿಗೆ ಟ್ರಾನ್ಸ್‌ಫರ್ ಕೇಳೋಣ ಅಂತಿದೀನಿ,” ಎಂದ ಯತೀಶ. “ನೀವು ಹೂಂ ಅಂದ್ರೆ ಮಾತ್ರ. ನಿಮ್ಮನ್ನ ತುಂಬಾ ಇಷ್ಟಪಡ್ತೀನಿ, ಕೃಪಾ.”

ಅವಳು ಓರೆಗಣ್ಣಲ್ಲಿ ನೋಡಿದಳು. “ಇಷ್ಟು ದಿನ ಬೇಕಾಯ್ತಾ ಹೇಳೋಕೆ? ರೌಸ್ ಹಿಲ್‌ನ ನಮ್ಮನೆಗೆ ಮೆಟ್ರೋಲಿ ಮುಕ್ಕಾಲು ಗಂಟೆ. ಅಮ್ಮ ನಿನ್ನ ಏನೇನು ಕೇಳ್ತಾರೆ ಅಂತ ದಾರೀಲಿ ಹೇಳ್ಕೊಡ್ತೀನಿ, ಬಾ.”

ಅವಳು ಅವನನ್ನು ‘ಬಾ’ ಎಂದದ್ದು ಅದೇ ಮೊದಲು.