ಮರಳಿ ಬಂದ ದಿಂಬು

ಚಳಿ ಬಿಡುತ್ತಿದ್ದ ಕಾಲ. ಬೆಳಗಿನ ಹೊತ್ತು. ಹಾಸಿಗೆ ಅಂಗಡಿಯ ಬಾಗಿಲು ಇನ್ನೂ ಅರ್ಧವೇ ತೆರೆದಿತ್ತು. ಒಳಗೆ ಅವಳು ಹತ್ತಿ ಹಿಂಜುತ್ತ ಕೂತಿದ್ದಳು. ಅವಳ ಮುಂದಿನ ಹಲಗೆಯ ಮೇಲೆ ದಿಂಬುಗಳು ಒಂದರ ಹಿಂದೊಂದು ದೊಪ್ಪೆಂದು ಬಿದ್ದವು.

"ನಿಮ್ಮ ದಿಂಬು ನೀವೇ ಇಟ್ಕೊಳ್ಳಿ. ಮೂರು ಕೊಂಡೆ, ಮೂರೂ ದಂಡ."

ತಲೆ ಎತ್ತಿ ನೋಡಿದಳು. ಎತ್ತರದ ಆಳು, ಬಸ್ ಡ್ರೈವರ್. ಮೈಮೇಲಿನ ಸಮವಸ್ತ್ರ ಗೂಟಕ್ಕೆ ನೇತುಹಾಕಿದ ಹಾಗಿತ್ತು. ಕಣ್ಣು ಕೆಂಡದಂತೆ ಕೆಂಪು.

ಅಪ್ಪನ ಕಾಲದಿಂದಲೂ ಆ ಅಂಗಡಿಯ ದಿಂಬು ವಾಪಸು ಬಂದದ್ದಿಲ್ಲ. ಓಣಿಯವರು ಅವಳನ್ನು 'ದಿಂಬಮ್ಮ' ಎಂದು ಆಡಿಕೊಂಡರೂ ಅವಳಿಗೆ ಆ ಹೆಸರು ಹೆಮ್ಮೆಯೇ.

"ಕುಡಿದು ಮಲಗೋರಿಗೆ ಯಾವ ದಿಂಬೂ ಹಿಡಿಸಲ್ಲ ಸ್ವಾಮಿ," ಎಂದಳು.

ಅವನ ಮುಖ ಕಪ್ಪಿಟ್ಟಿತು. ತಿರುಗಿ ಹೊರಟವನು ಹೊಸ್ತಿಲಲ್ಲಿ ಹೊಟ್ಟೆ ಒತ್ತಿಕೊಂಡು ನಿಂತ.

ಮೂಲೆಯಲ್ಲಿ ಗವಸು ಹೊಲಿಯುತ್ತಿದ್ದ ಅವಳ ಸೋದರತ್ತೆ ಕನ್ನಡಕ ಸರಿಸಿದಳು. "ಏನಪ್ಪಾ, ಹೊಟ್ಟೆ ಆಪರೇಷನ್ ಆಗಿದ್ಯಾ?"

"ಅರ್ಧ ಹೊಟ್ಟೆ ತೆಗೆದಿದ್ದಾರಮ್ಮ. ಮಲಗಿದ್ರೆ ಸಾಕು, ಉಂಡಿದ್ದೆಲ್ಲ ಹುಳಿಯಾಗಿ ಗಂಟಲಿಗೆ ಬರುತ್ತೆ. ತಲೆ ಎತ್ತರಕ್ಕಿಟ್ಟು ಮಲಗು ಅಂದ್ರು ಅಂತ ದಿಂಬಿನ ಮೇಲೆ ದಿಂಬು ಪೇರಿಸ್ದೆ. ಕುತ್ತಿಗೆ ಹಿಡ್ಕೊಂಡಿತೇ ಹೊರತು ನಿದ್ದೆ ಬರ್ಲಿಲ್ಲ. ಈಗ ಡಿಪೋದಲ್ಲಿ ಟಿಕೆಟ್ ಕಿಟಕೀಲಿ ಕೂರಿಸಿದ್ದಾರೆ. ನಿದ್ದೆಗೆಟ್ಟೋನ ಕೈಗೆ ಬಸ್ ಕೊಡಬಾರದು, ಸರಿಯೇ. ಆದ್ರೆ... ನಾನು ಡ್ರೈವರ್ ಅಮ್ಮ."

ಆ ಕೊನೆಯ ಮಾತು ಅವಳ ಎದೆಗೆ ದಬ್ಬಳದಂತೆ ನಾಟಿತು. ಕ್ಷಮಿಸಿ ಎನ್ನಲು ಬಾಯಿ ಬರಲಿಲ್ಲ. ಅಳತೆಯ ಟೇಪು ಕೈಗೆ ಬಂತು.

"ಮಲಗಿ."

"ಎಲ್ಲಿ?"

"ಈ ಹಲಗೆ ಮೇಲೆ. ಮನೇಲಿ ಹೇಗೆ ಮಲಗ್ತೀರೋ ಹಾಗೆ. ನೀವು ಮಲಗದೆ ನಾನೇನು ಬೆಕ್ಕಿನ ಅಳತೆ ತಗೊಳ್ಲಾ?"

ಅತ್ತೆ ಕಿಸಕ್ಕೆಂದಳು. ಅವನು ಮೂರೂ ದಿಂಬು ಪೇರಿಸಿ, ಬಿಗಿದುಕೊಂಡೇ ಮಲಗಿದ. ಗದ್ದ ಎದೆಗೆ ಒತ್ತಿತ್ತು, ಹೊಟ್ಟೆ ನಡುವೆ ಮಡಚಿತ್ತು.

"ಮೂಟೆ ಮಡಚಿದ್ರೆ ಒಳಗಿರೋದು ಬಾಯಿಗೇ ಬರೋದು," ಎಂದಳು ದಿಂಬಮ್ಮ. " ಆಸ್ಪತ್ರೇಲಿ ಇನ್ನೊಂದ್ಸಲ ಕೇಳ್ಕೊಂಡು ಬನ್ನಿ."

ಸಂಜೆ ತಲೆ ಕೆರೆದುಕೊಳ್ಳುತ್ತ ಬಂದ.

"ನರ್ಸಮ್ಮ ಬೈದ್ರು. ಸೊಂಟದಿಂದ ಮೇಲೆ ಇಳಿಜಾರಾಗಿರಲಿ ಅಂದಿದ್ದೆ, ನಿನಗೆ ತಲೆ ಒಂದೇ ಕೇಳಿಸ್ತಾ ಅಂದ್ರು. ಎಡಮಗ್ಗುಲಿಗೆ ಮಲಗ್ಬೇಕಂತೆ. ಸಂಜೆ ಬೇಗ ಉಣ್ಬೇಕು, ಸ್ವಲ್ಪ ಉಣ್ಬೇಕು, ಉಂಡ ತಕ್ಷಣ ಒರಗಬಾರದಂತೆ."

"ಅದೆಲ್ಲ ನೀವು ಮಾಡಿ. ಇಳಿಜಾರು ನಾನು ಮಾಡ್ತೀನಿ."

ತಳಕ್ಕೆ ಗಟ್ಟಿ ನಾರು, ಮೇಲೆ ಹಿಂಜಿದ ಹತ್ತಿ. ಅವನು ದಿನಾ ಸಂಜೆ ಬಂದು ಮಲಗಿ ನೋಡುತ್ತಿದ್ದ. ಒಮ್ಮೆ ಇಳಿಜಾರು ಕಡಿದಾಗಿ, ಜಾರಿ ಹಲಗೆಯ ತುದಿಗೆ ಬಂದ. "ಬ್ರೇಕ್ ಇಲ್ಲ ಕಣ್ರೀ ಇದಕ್ಕೆ," ಎಂದ. ಅವಳು ನಕ್ಕುಬಿಟ್ಟಳು. ಆಮೇಲೆ ಸಂಜೆಯಾದರೆ ಅವಳ ಕಿವಿ ಬೀದಿಯಲ್ಲೇ ಇರುತ್ತಿತ್ತು... 'ನನಗೇನಾಗಿದೆ? ಗಿರಾಕಿ ತಾನೇ?'

ಕೊನೆಗೆ ದಿಂಬು ಸಿದ್ಧವಾಗಿ, ಅವನ ಮನೆ ಸೇರಿತು.

ಮರುದಿನ ಬೆಳಗ್ಗೆ ಅದೇ ದಿಂಬು ಮತ್ತೆ ಹಲಗೆಯ ಮೇಲೆ ಬಿತ್ತು. ಅವನ ಬೆರಳಲ್ಲಿ ಒಂದು ಉದ್ದನೆಯ ಕೂದಲು.

"ಗವಸಿನೊಳಗಿತ್ತು. ಯಾರೋ ಮಲಗಿ ಎದ್ದ ತಗ್ಗು ಬೇರೆ. ರೋಗಿಗೆ ಹಳೇದೇ ಸಾಕು ಅಂತಲಾ? ನಿಮ್ಮನ್ನ ಏನೋ ಅಂದ್ಕೊಂಡಿದ್ದೆ..."

ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ತನ್ನ ಕೆಲಸಕ್ಕೆ ತಾನೇ ಸಾಕ್ಷಿ ಹೇಳುವುದೇ? "ಬೇಡದಿದ್ರೆ ಬಿಟ್ಟು ಹೋಗಿ."

ಬಿಟ್ಟೇ ಹೋದ. ಸಂಜೆಗಳು ಬಂದವು. ಅವನು ಬರಲಿಲ್ಲ.

ಸೋದರ ಸೊಸೆ ಹೊಲಿಗೆ ಬಿಟ್ಟು ಬೀದಿ ನೋಡುವುದನ್ನು ಕಂಡೂ ಕಂಡೂ ಸಾಕಾಗಿ, ಅತ್ತೆ ಚಪ್ಪಲಿ ಮೆಟ್ಟಿ ಡಿಪೋದ ಟಿಕೆಟ್ ಕಿಟಕಿಗೇ ಹೋದಳು.

"ಎಲ್ಲಿಗಮ್ಮ?" ಎಂದ ಅವನು, ತಲೆ ಎತ್ತದೆ.

"ನಿನ್ನ ಬುದ್ಧಿ ಎಲ್ಲಿಗೆ ಹೋಗಿದ್ಯೋ ಅಲ್ಲಿಗೆ. ಆ ಕೂದಲು ಯಾರದು ಅಂತ ಗೊತ್ತಾಗ್ಲಿಲ್ವೇನೋ ದಡ್ಡ? ತಾನು ಒಂದು ರಾತ್ರಿ ಮಲಗಿ ನೋಡದೆ ಅವಳು ಯಾವ ದಿಂಬನ್ನೂ ಕೊಡಲ್ಲ. ಅವರಪ್ಪ ಕಲಿಸಿದ ಪದ್ಧತಿ. ನಿನ್ನದರ ಮೇಲೆ ಒಂದು ರಾತ್ರಿಯಾ? ಸಂಜೇನೇ ಎರಡು ತುತ್ತು ಉಂಡು, ದಿನಾ ಎಡಮಗ್ಗುಲಿಗೆ ಬಿದ್ದಿರ್ತಿದ್ಳು. ನೋವಾದ್ರೆ ಬಿಚ್ಚೋದು, ಮತ್ತೆ ತುಂಬೋದು. ಹೊಟ್ಟೆ ನಿನ್ನದು, ಉಪವಾಸ ಅವಳದು."

ಕಿಟಕಿಯ ಮುಂದೆ ಸಾಲು ಬೆಳೆಯುತ್ತಿತ್ತು.

ಆ ಸಂಜೆ ಅಂಗಡಿಗೆ ಬಂದ. "ನನ್ನ ದಿಂಬು..."

"ವಾಪಸು ಬಂದ ಮಾಲು ನಾನು ಮಾರಲ್ಲ."

"ಮಾರ್ಬೇಡಿ. ಕೊಡಿ. ತಪ್ಪಾಯ್ತು."

"ನಾನೂ ನಿಮ್ಮನ್ನ ಕುಡುಕ ಅಂದಿದ್ದೆ," ಎಂದಳು ಮೆಲ್ಲಗೆ. ದಿಂಬನ್ನು ಅವನ ತೋಳಿಗಿಟ್ಟಳು. ತಗ್ಗು ಹಾಗೇ ಇತ್ತು. ತುಂಬುವುದು ಬೇಡ ಎಂದ.

ಬೇಸಿಗೆ ಏರುವ ಹೊತ್ತಿಗೆ ಒಂದು ಬೆಳಗ್ಗೆ ಅಂಗಡಿಯ ಮುಂದೆ ಬಸ್ಸಿನ ಹಾರ್ನ್ ಕೇಳಿತು. ಸ್ಟೀರಿಂಗ್ ಹಿಡಿದು ಕೂತವನು ಅವನೇ. ಕಣ್ಣು ಬೆಳ್ಳಗೆ, ಸಮವಸ್ತ್ರ ಮೈತುಂಬ. ಅವಳು ಕೈಯಲ್ಲಿನ ಹತ್ತಿಯ ಸಮೇತ ಬೀದಿಗೆ ಬಂದು ನೋಡಿದಳು. ಬಸ್ಸು ಓಣಿ ತಿರುಗುವವರೆಗೂ ತಲೆ ಎತ್ತಿಕೊಂಡೇ ನಿಂತಿದ್ದಳು. 'ಆ ನಿದ್ದೆ ನಾನು ಹೊಲಿದದ್ದು.'

ಸಂಜೆ ಬಂದವನು ಹೊಸ್ತಿಲಲ್ಲೇ ನಿಂತ. "ಬೆಳಗಿನ ತನಕ ಮಲಗ್ತೀನಿ ಈಗ. ಆದ್ರೂ ಒಂದು ದೂರಿದೆ."

"ಮತ್ತೆ ದೂರಾ?"

"ಅಗಲ ಸಾಲದು. ಇಬ್ಬರಿಗಾಗೋ ಹಾಗೆ ಹೊಲೀತೀರಾ?"

ಅವಳ ಕೈಯ ಸೂಜಿ ನಿಂತಿತು. ಮೂಲೆಯಲ್ಲಿ ಅತ್ತೆಯದೂ ನಿಂತಿತು.

"ನೀವು ಎಡಮಗ್ಗುಲಿಗೇ ಮಲಗ್ಬೇಕು," ಎಂದಳು. "ನಾನು ನಿಮ್ಮ ಎಡಗಡೆ ಇರ್ತೀನಿ. ಜಗಳ ಆಡಿದ್ರೂ ಬೆನ್ನು ತಿರುಗ್ಸೋ ಹಾಗಿಲ್ಲ."

"ಬೆನ್ನು ಯಾರಿಗೆ ಬೇಕು... ಮುಖ ನೋಡ್ತಾ ಮಲಗೋದೇ ನನ್ನ ಔಷಧಿ."

ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾದರು. ಜೋಡಿ ದಿಂಬು ಹೊತ್ತು ಅವನ ಬಸ್ಸನ್ನೇ ಹತ್ತಿದಳು. ಟಿಕೆಟ್ ಕೊಂಡೇ ಹತ್ತಿದಳು, ಪುಕ್ಕಟೆ ಕೂರುವ ಹೆಣ್ಣಲ್ಲ.

"ಬೆಳಗ್ಗೆ ಅಂಗಡಿ ತೆಗೆಯೋಕೆ ಬರ್ತೀನತ್ತೆ."

"ಕೆಲಸಕ್ಕೆ ಬಾ. ವಾಪಸು ಮಾತ್ರ ಬರ್ಬೇಡ. ನಮ್ಮ ಅಂಗಡಿ ಮಾಲು ವಾಪಸು ತಂದೋನು ಇವನೊಬ್ಬನೇ, ಅದೂ ಒಳ್ಳೇದಕ್ಕೇ ಆಯ್ತು."