ಬಾಗಿಲು ತೆಗೆಯದ ಫೋಲ್ಡರ್

"ರೀ! ಮುಟ್ಟಬೇಡ್ರೀ ಅದನ್ನ!"

ವೇದಾವತಿ ಕೂಗಿದ ರಭಸಕ್ಕೆ, ಒಳಗೆ ಪುಸ್ತಕ ಹೊಲಿಯುತ್ತಿದ್ದ ವನಜಾಕ್ಷಿ ಬೆರಳಿಗೆ ಸೂಜಿ ಚುಚ್ಚಿಕೊಂಡಳು.

ಕೂಗಿದ್ದಷ್ಟೇ ಆಗಿದ್ದರೆ ಹೋಗಲಿ ಎನ್ನಬಹುದಿತ್ತು. ಆ ಅಪರಿಚಿತನ ಕೈಯನ್ನೇ ಗಟ್ಟಿಯಾಗಿ ಹಿಡಿದುಬಿಟ್ಟಿದ್ದಳು! ಕಂಪ್ಯೂಟರಿನ ಪವರ್ ಬಟನ್ನಿಗೆ ಕೂದಲೆಳೆಯಷ್ಟು ದೂರದಲ್ಲಿ ಅವನ ಬೆರಳು ನಿಂತಿತ್ತು.

"ಒಂದ್ಸಲ ಆಫ್ ಮಾಡಿ ಆನ್ ಮಾಡೋಣ ಅಂತ... ಅಂತೇ ಅಂಡೀ," ಎಂದ ಅವನು ಗಾಬರಿಯಿಂದ.

"ನಮ್ ಪ್ರೆಸ್ಸಲ್ಲಿ ಮಿಷಿನ್ ಆರಿಸಲ್ಲ! ಬೆಳಿಗ್ಗೆ ದೀಪ ಬೆಳಗಿದ್ಮೇಲೆ ಮುಗೀತು. ಸಾಯಂಕಾಲ ಮಲಗಿಸ್ತೀವಿ ಅಷ್ಟೇ."

"ಮಲಗಿಸ್ತೀರಾ... ಕಂಪ್ಯೂಟರನ್ನ?"

ಅವನ ತುಟಿಯಂಚಿನಲ್ಲಿ ನಗು ಇಣುಕಿತು. ಆಗಲೇ ವೇದಾವತಿಗೆ ತಾನಿನ್ನೂ ಅವನ ಕೈ ಬಿಟ್ಟಿಲ್ಲವೆಂಬುದು ಹೊಳೆದದ್ದು. ಬೆಂಕಿ ಮುಟ್ಟಿದವಳಂತೆ ಬಿಟ್ಟಳು.

ಮಧುಗಿರಿಯ ಆ ಹಳೆಯ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕಾಲದಿಂದಲೂ ನಡೆದುಬಂದ ಪದ್ಧತಿ ಅದು. ಯಜಮಾನ ಜಯರಾಮಯ್ಯನವರ ಮುಂದೆ 'ಆಫ್' ಎಂಬ ಮಾತನ್ನೇ ಆಡುವಂತಿರಲಿಲ್ಲ. ಅನ್ನ ಕೊಡುವ ಯಂತ್ರ, ದೇವರ ಸಮಾನ. ದೇವರನ್ನು ಯಾರಾದರೂ ಆರಿಸುತ್ತಾರೆಯೇ?

ಬಂದವನ ಹೆಸರು ಅಂಜನ್ ಕುಮಾರ್. ಪಾವಗಡದ ಕಡೆ ವಳ್ಳೂರಿನವನು; ಮಾತಿಗೊಂದು ತೆಲುಗಿನ 'ಅಂಡೀ' ಸೇರಿಸುವವನು. ಸೋಲಾರ್ ಪಾರ್ಕಿನ ಕಚೇರಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ. ರಜೆಯ ದಿನ ಇಂಥ ರಿಪೇರಿಗೆ ಬರುತ್ತಿದ್ದ.

ಅವನನ್ನು ಕರೆಸಿದ್ದು ಪೆದ್ದಮ್ಮನ ಪದಗಳಿಗಾಗಿ.

ಪ್ರೆಸ್ಸಿನಲ್ಲಿ ಟೈಪು ಮಾಡುವ ವೇದಾವತಿಯ ಊರು ಬಡವನಹಳ್ಳಿ. ಅಲ್ಲಿನ ಭಜನೆಮನೆಯಲ್ಲಿ ಪೆದ್ದಮ್ಮ ಹಾಡುವ ತತ್ವಪದಗಳನ್ನು ಹಿಂದೆ ಯಾವಾಗಲೋ ಇದೇ ಪ್ರೆಸ್ಸಿನಲ್ಲಿ ಟೈಪು ಮಾಡಿ ಇಟ್ಟಿದ್ದರು. ಪುಸ್ತಕವಾಗಿರಲಿಲ್ಲ. ಈಗ ಪೆದ್ದಮ್ಮನ ದನಿ ಒಡೆಯತೊಡಗಿತ್ತು.

"ಈ ಗಂಟಲು ಪೂರ್ತಿ ಬೀಳೋದ್ರೊಳ್ಗೆ ಪುಸ್ತಕ ಕೊಡವ್ವ. ಕಾರ್ತೀಕದ ಕಡೇ ಸೋಮವಾರ ನಮ್ ಹೆಣ್ಮಕ್ಳು ಅದನ್ನ ನೋಡ್ಕಂಡು ಹಾಡ್ಬೇಕು. ನಾನು ಒಂದ್ಸಲ ಸುಮ್ಕೆ ಕುಂತ್ಕಂಡು ಕೇಳ್ಬೇಕು," ಎಂದಿದ್ದಳು ಮುದುಕಿ.

ವೇದಾವತಿ ಆಗಲಿ ಎಂದು ಮಾತು ಕೊಟ್ಟಿದ್ದಳು. ಆದರೆ ಹೊಸ ಕಂಪ್ಯೂಟರಿನಲ್ಲಿ ತೆರೆದು ನೋಡಿದರೆ ಶಿವಶಿವಾ... ಹಳೆಯ ಫಾಂಟಿನ ಆ ಪದಗಳೆಲ್ಲ ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆಗಳ ಗೋಜಲು!

ಅಂಜನ್ ಅದಕ್ಕೊಂದು ಉಪಾಯ ಮಾಡಿದ. ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರ್ ಕೂರಿಸಿದ. ಕಿಟಕಿಯೊಳಗೆ ಕಿಟಕಿ ತೆರೆದಂತೆ ಅದು ಪರದೆಯ ಮೇಲೆ ತೆರೆಯುತ್ತಿತ್ತು. ಹಳೆಯ ಅಕ್ಷರಗಳನ್ನು ಹೊಸದಾಗಿಸುವ ಕೆಲಸ ಆ ಒಳಗಿನದ್ದು, ಅಚ್ಚಿಗೆ ಕಳಿಸುವ ಕೆಲಸ ಹೊರಗಿನದ್ದು. ಎರಡೂ ಸೇರಿ ಬಳಸಲು ನಡುವೆ ಒಂದು ಫೋಲ್ಡರ್.

ಆ ಫೋಲ್ಡರೇ ವೇದಾವತಿಯ ಜೀವ ತಿಂದದ್ದು.

ಒಳಗಿನಿಂದ ಅದನ್ನು ಒತ್ತಿದರೆ ಸಾಕು, 'ನಿಮಗೆ ಅನುಮತಿ ಇಲ್ಲ' ಎಂಬ ಸಾಲು ಎದ್ದು ನಿಲ್ಲುತ್ತಿತ್ತು.

"ಹೆಸರು ಸೇರಿಸಿದೀನಿ ಅಂಡೀ. ಆ ಫೋಲ್ಡರ್ ಯಾರ್ಯಾರು ಮುಟ್ಬೋದು ಅನ್ನೋ ಗುಂಪಿಗೆ ನಿಮ್ಮನ್ನೂ ಹಾಕಿದೀನಿ. ಆದ್ರೆ ಒಳಗಿಂದು ಒಂದ್ಸಲ ಆಫ್ ಆಗಿ ಎದ್ದಾಗ್ಲೇ ಅದಕ್ಕೆ ಗೊತ್ತಾಗೋದು. ನನ್ ಬಸ್ ಬಂದ್ಬಿಡ್ತು... ನೀವೇ ಮಾಡ್ಬಿಡಿ," ಎಂದು ಅಂಜನ್ ಓಡಿದ್ದ.

ಅವಳು ಮಾಡಿದಳು. ಅಂದರೆ, ಅವಳಿಗೆ ತಿಳಿದಂತೆ ಮಾಡಿದಳು. ಒಳಗಿನ ಕಂಪ್ಯೂಟರನ್ನು ಮುಚ್ಚಹೊರಟಾಗ ಅದು ಕೇಳಿತು: ಇದ್ದ ಹಾಗೇ ಇಡಲೇ, ಪೂರ್ತಿ ನಿಲ್ಲಿಸಲೇ? ಪ್ರೆಸ್ಸಿನ ರೂಢಿಯ ಕೈ ತಾನಾಗಿ 'ಇದ್ದ ಹಾಗೇ ಇಡು' ಎಂಬುದನ್ನೇ ಒತ್ತಿತು. ಹೊರಗಿನದನ್ನು ಮಲಗಿಸುವವರು ಒಳಗಿನದನ್ನು ಆರಿಸುತ್ತಾರೆಯೇ?

ಮರುದಿನ ತೆರೆದರೆ... ಅನುಮತಿ ಇಲ್ಲ!

"ಆಫ್ ಮಾಡಿದ್ರಾ?" ಫೋನಿನಲ್ಲಿ ಅವನು.

"ಮಾಡ್ದೆ ಕಣ್ರೀ!"

"ಪೂರ್ತಿ?"

"ಪೂರ್ತಿನೇ! ನನಗೇನು ಅಷ್ಟೂ ಬರಲ್ವಾ?"

ಪಾಪ, ಅವಳು ಸುಳ್ಳು ಹೇಳಲಿಲ್ಲ. ಮುಚ್ಚಿದ್ದೇ ನಿಲ್ಲಿಸಿದ್ದು ಎಂದು ಮನಸಾರೆ ನಂಬಿದ್ದಳು.

ಮುಂದಿನ ವಾರ ಅಂಜನ್ ಮತ್ತೆ ಬಂದ. ಪರದೆಯನ್ನು ಬಹಳ ಹೊತ್ತು ನೋಡಿದ. ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ವೇದಾವತಿ ಅವನ ಮುಂದೆ ಕಾಫಿ ಇಟ್ಟು, "ಇದು ನಿಮ್ ಮಾತೂ ಕೇಳಲ್ಲ ಅಂದ್ರೆ ಇದಕ್ಕೆ ದೃಷ್ಟಿ ತೆಗೆಸ್ಬೇಕು ಬುಡಿ," ಎಂದು ನಕ್ಕಳು. ಅವಳು ಅವನೆದುರು ನಕ್ಕದ್ದು ಅದೇ ಮೊದಲು. ಅವನು ತೆರೆದ ಬಾಯಿ ಮುಚ್ಚಿದ. ಸಿದ್ಧವಾಗಿದ್ದ ಪುಟಗಳನ್ನು ಪೆನ್‌ಡ್ರೈವಿನಲ್ಲಿ ಹೊರಗೆ ತಂದುಕೊಟ್ಟು ಹೋದ.

ಅದರ ಮುಂದಿನ ವಾರವೂ ಹಾಗೆಯೇ. ಪುಟಗಳು ಬಂದವು, ಫೋಲ್ಡರ್ ಮಾತ್ರ ತೆರೆಯಲಿಲ್ಲ.

*ಇವನು ಬರದಿದ್ದರೆ ವಾರ ಯಾಕೆ ಇಷ್ಟು ಉದ್ದ ಅನ್ನಿಸುತ್ತೆ?* ತನ್ನನ್ನೇ ಕೇಳಿಕೊಂಡು, ಯಾರಾದರೂ ಕೇಳಿಸಿಕೊಂಡರೇನೋ ಎಂಬಂತೆ ಅವಳು ಸುತ್ತ ನೋಡಿದಳು.

ಕೇಳಿಸಿಕೊಂಡಂತೆಯೇ ಇದ್ದಳು ವನಜಾಕ್ಷಿ!

"ಲೇ ವೇದಾ, ಆ ವಳ್ಳೂರಪ್ಪ ಅದನ್ನ ಬೇಕಂತ್ಲೇ ರಿಪೇರಿ ಮಾಡ್ತಿಲ್ಲ ಕಣೇ. ಮಾಡ್ಬುಟ್ರೆ ಇಲ್ಲಿಗೆ ಬರಕ್ಕೆ ನೆಪ ಏನೈತೆ?"

"ಥೂ, ಸುಮ್ನಿರಕ್ಕ!"

"ಸುಮ್ನೆ ಇರ್ತೀನಿ. ಪೆದ್ದಮ್ಮನ ಗಂಟಲು ಸುಮ್ನೆ ಇರ್ತೈತಾ?"

ಆ ಮಾತು ಚುರ್ರೆಂದಿತು. ಹೌದಲ್ಲ! ಮುಕ್ಕಾಲು ಪುಸ್ತಕ ಇನ್ನೂ ಒಳಗೇ ಸಿಕ್ಕಿಕೊಂಡಿದೆ. ಕಡೆಯ ಸೋಮವಾರ ಹತ್ತಿರ ಬರುತ್ತಿದೆ. ಮುದುಕಿಯ ಆಸೆಯನ್ನು ಅಡವಿಟ್ಟು ಇವನು ಆಟವಾಡುತ್ತಿದ್ದಾನೆಯೇ? ತಾನೂ ಆ ಆಟಕ್ಕೆ ನಕ್ಕು ಕಾಫಿ ಕೊಟ್ಟೆನೇ?

ಅಂಜನ್ ಮತ್ತೆ ಬಂದಾಗ ಅವಳು ಬಾಗಿಲಲ್ಲೇ ತಡೆದಳು.

"ಯಾಕ್ರೀ ಬಂದ್ರಿ? ಇವತ್ತೂ ಅರ್ಧ ಕೆಲಸ ಮಾಡಿ ಹೋಗಕ್ಕಾ?"

"ವೇದಾವತಿಯವ್ರೇ..."

"ಬೇಕಂತ್ಲೇ ಮಾಡ್ತಿದೀರಿ! ಒಂದು ಫೋಲ್ಡರ್ ತೆಗೆಯಕ್ಕೆ ಇಷ್ಟು ವಾರ ಬೇಕಾ? ಆ ಮುದುಕಮ್ಮ ದಿನಾ 'ಆಯ್ತೇನವ್ವ' ಅಂತ ಕೇಳ್ತಾಳೆ. ನಾನು ಯಾವ ಮುಖ ಇಟ್ಕಂಡು ಉತ್ತರ ಕೊಡ್ಲಿ? ನೀವು ಬರ್ಲೇಬೇಡಿ ಇನ್ಮೇಲೆ!"

ವನಜಾಕ್ಷಿ, ಜಯರಾಮಯ್ಯ, ಲಗ್ನಪತ್ರಿಕೆಗೆ ಬಂದಿದ್ದ ಗಿರಾಕಿಗಳು, ಎಲ್ಲರೂ ಕಲ್ಲಾಗಿ ನೋಡುತ್ತಿದ್ದರು.

ಅಂಜನ್ ಕೈಯಲ್ಲಿದ್ದ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ. ಮುಖ ಕೆಂಪಾಯಿತು. ತಲೆ ತಗ್ಗಿಸಿ ಮೆಟ್ಟಿಲಿಳಿದು ಹೋದ.

*ಒಂದು ಸಲ 'ಇಲ್ಲ' ಅನ್ನಬಾರದಿತ್ತಾ...?* ಎಂದು ಅವಳ ಮನಸ್ಸು ಅವನ ಬೆನ್ನ ಹಿಂದೆಯೇ ಹೋಯಿತು.

ಆಮೇಲಿನ ದಿನಗಳನ್ನು ಏನು ಹೇಳುವುದು! ವೇದಾವತಿ ಆ ಫೋಲ್ಡರನ್ನು ಬೇಡಿದಳು, ಬೈದಳು, ಕೈಮುಗಿದಳು. ಹೊರಗಿನಿಂದ ಅದರ ಹೆಸರು ಬದಲಿಸಿದಳು. ಅಳಿಸಿ ಹಳೆಯ ಹೆಸರಿನಲ್ಲೇ ಹೊಸದು ಮಾಡಿದಳು. ಕಡೆಗೆ ವನಜಾಕ್ಷಿಯ ಮಾತು ಕೇಳಿ ಮಾನಿಟರಿಗೆ ನಿಂಬೆಹಣ್ಣನ್ನೂ ನಿವಾಳಿಸಿದಳು. ಅನುಮತಿ ಇಲ್ಲ. ಅನುಮತಿ ಇಲ್ಲ. ಅನುಮತಿ ಇಲ್ಲ!

"ನಿನ್ ಮನೆ ಹಾಳಾಗ!" ಎಂದು ಕೀಬೋರ್ಡಿಗೆ ಗುದ್ದಿದಳು. ಮರುಕ್ಷಣವೇ ಕಣ್ಣಿಗೊತ್ತಿಕೊಂಡಳು. ಏನೇ ಆದರೂ ಅದಕ್ಕೂ ಬೆಳಿಗ್ಗೆ ಕುಂಕುಮ ಇಟ್ಟಿತ್ತಲ್ಲ.

ನಾವು ಹಟದಿಂದ ಹಿಡಿದುಕೊಂಡದ್ದನ್ನು ದೇವರು ಕೆಲವೊಮ್ಮೆ ಮೆಲ್ಲಗೆ ಕೈಯಿಂದ ಬಿಡಿಸುತ್ತಾನೆ. ಅಂದು ಮಧ್ಯಾಹ್ನ ಕರೆಂಟು ಹೋಯಿತು. ಹಳೆಯ ಯುಪಿಎಸ್ ಒಂದಷ್ಟು ಹೊತ್ತು ಕೀ ಕೀ ಎಂದು ಅತ್ತು ಸುಮ್ಮನಾಯಿತು. ಒಳಗಿನದೂ ಹೊರಗಿನದೂ ಒಟ್ಟಿಗೇ ಆರಿ ಪರದೆ ಕಪ್ಪಾಯಿತು.

"ಶಿವ ಶಿವ! ಆರೋಯ್ತಲ್ಲಮ್ಮ!" ಜಯರಾಮಯ್ಯ ಕೆನ್ನೆ ಬಡಿದುಕೊಂಡರು.

ಕರೆಂಟು ಬಂದಾಗ ವೇದಾವತಿ ಹೊರಗಿನ ಕಂಪ್ಯೂಟರನ್ನು ಎಬ್ಬಿಸಿದಳು, ಆಮೇಲೆ ಒಳಗಿನದನ್ನು. ಅದು ಎಂದೂ ಕೇಳದ್ದನ್ನು ಕೇಳಿತು: ಪಾಸ್‌ವರ್ಡ್.

*ಇಷ್ಟು ದಿನ ಯಾಕೆ ಕೇಳಲಿಲ್ಲ?*

ಅಂಜನ್ ಮೊದಲ ದಿನ ಬರೆದುಕೊಟ್ಟಿದ್ದ ಪಾಸ್‌ವರ್ಡ್ ಹಾಕಿ ಅವಳು ಫೋಲ್ಡರ್ ಒತ್ತಿದಳು. ಬೈಗುಳ ಕೇಳಿದ ಮಗುವಿನಂತೆ ಅದು ತೆಪ್ಪಗೆ ತೆರೆದುಕೊಂಡಿತು. ಪೆದ್ದಮ್ಮನ ಪದಗಳೆಲ್ಲ ಚೆಂದದ ಕನ್ನಡದಲ್ಲಿ ಒಂದೊಂದಾಗಿ ಹೊರಗೆ ಬಂದವು.

ಸಂತೋಷಪಡಬೇಕಾದವಳು ಕುರ್ಚಿಯಲ್ಲಿ ಕುಸಿದಳು. ಪಾಸ್‌ವರ್ಡ್ ಕೇಳಿದ್ದೆಂದರೆ ಒಳಗಿನದು ಪೂರ್ತಿ ಆರಿ ಎದ್ದದ್ದು ಇದೇ ಮೊದಲು; ಎಲ್ಲ ಅರ್ಥವಾಗಿತ್ತು. ಅವನು ಮೊದಲ ದಿನವೇ ಸರಿಮಾಡಿದ್ದ. ಆರಿಸದೆ ಮಲಗಿಸುತ್ತಾ ಬಂದವಳು ತಾನು!

"ಓ, ಇದಕ್ಕೇನಾ ಆ ಹುಡುಗ ಫೋನ್ ಮಾಡಿದ್ದು?" ಎಂದರು ಜಯರಾಮಯ್ಯ ನಿಧಾನವಾಗಿ.

"ಯಾವಾಗ ಸಾರ್?!"

"ನೀನು ಬೈದ ಮಾರನೇ ಬೆಳಿಗ್ಗೆ. 'ಒಳಗಿಂದು ಪೂರ್ತಿ ಆಫ್ ಮಾಡಿಸಿ, ಸರಿಹೋಗುತ್ತೆ' ಅಂದ. ಬೆಳಿಗ್ಗೆ ಬೆಳಿಗ್ಗೆ ಅಂಥ ಮಾತು ಯಾಕೆ ಅಂತ ನಾನು ನಿಂಗೆ ಹೇಳ್ಲಿಲ್ಲ ಕಣಮ್ಮ."

ವೇದಾವತಿ ಹಣೆ ಹಣೆ ಚಚ್ಚಿಕೊಂಡಳು. ಹೊರಗೆ ಹೋಗಿ ಫೋನ್ ಹಚ್ಚಿದಳು.

"ನಾನು... ವೇದಾವತಿ."

ಅವನು ಏನಾದರೂ ಹೇಳುವ ಮೊದಲೇ ಅವಳು ಮುಂದುವರಿಸಿದಳು.

"ತಪ್ಪು ನಂದೇ. ಎಲ್ಲರ ಮುಂದೆ ಅಂಗೆ ಅಂದ್ಬುಟ್ಟೆ... ಸೋಮವಾರ ಬಡವನಹಳ್ಳಿಗೆ ಬನ್ನಿ. ಪುಸ್ತಕ ಬರುತ್ತೆ. ನೀವು ಬರ್ಬೇಕು."

"ಸರಿ ಅಂಡೀ," ಎಂದಷ್ಟೇ ಕೇಳಿಸಿತು. ಅದು ಕೋಪವೋ, ಸಂಕಟವೋ ತಿಳಿಯಲಿಲ್ಲ.

ಕಾರ್ತೀಕದ ಕಡೆಯ ಸೋಮವಾರ. ಸಂಜೆಯ ದೀಪಗಳು ಆಗಷ್ಟೇ ಹತ್ತಿಕೊಳ್ಳುತ್ತಿದ್ದವು. ಭಜನೆಮನೆಯಲ್ಲಿ ಪೆದ್ದಮ್ಮನ ಸೊಸೆಯಂದಿರು, ಮೊಮ್ಮಕ್ಕಳು ಪುಸ್ತಕ ಬಿಡಿಸಿ ಕೂತಿದ್ದರು. ಅವರು ಹಾಡತೊಡಗಿದಾಗ ಪೆದ್ದಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದಳು. ಸುಕ್ಕು ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು.

"ಆ ಸಾಲು ಎಳೀಬೇಕು ಕಣ್ರೇ... ಏನ್ ಬಸ್ ಹೊಂಟೋಯ್ತದಾ?" ಎಂದು ನಡುವೆ ಗದರಿದಳು. ಎಲ್ಲರೂ ನಕ್ಕು ಮತ್ತೆ ಎಳೆದರು.

ವೇದಾವತಿ ಹೊರಗೆ ಬಂದಳು. ಜಗಲಿಯ ಕಂಬದ ಪಕ್ಕದಲ್ಲಿ ಅಂಜನ್ ನಿಂತಿದ್ದ.

"ಕ್ಷಮಿಸಿ," ಎಂದಳು. "ನೀವು ಬೇಕಂತ್ಲೇ ಮಾಡ್ತಿದೀರಿ ಅಂದ್ನಲ್ಲ..."

"ಅದು ನಿಜ."

"ಏನು?!"

"ಎರಡನೇ ಸಲ ಬಂದಾಗ್ಲೇ ಗೊತ್ತಾಯ್ತು ಅಂಡೀ. ಒಳಗಿಂದು ಎಷ್ಟು ದಿನದಿಂದ ಆಫ್ ಆಗಿಲ್ಲ ಅಂತ ಅದೇ ತೋರಿಸುತ್ತೆ. ಹೇಳೋಣ ಅಂದೆ. ನೀವು ನಕ್ಕುಬಿಟ್ರಿ. ಇದು ಸರಿಹೋದ್ರೆ ಮತ್ತೆ ಬರಕ್ಕಾಗಲ್ವಲ್ಲ ಅಂತ... ಪುಟಗಳನ್ನ ಕೈಯಾರೆ ತೆಗೆದುಕೊಟ್ರೆ ಕೆಲಸ ನಿಲ್ಲಲ್ಲ ಅಂದ್ಕೊಂಡೆ. ಪೆದ್ದಮ್ಮ ದಿನಾ ಕೇಳ್ತಾರೆ ಅಂತ ಗೊತ್ತಿರ್ಲಿಲ್ಲ. ನೀವು ಬೈದಾಗ ನಾಚಿಕೆ ಆಯ್ತು. ನಿಮಗೆ ಮುಖ ತೋರಿಸಕ್ಕಾಗದೆ ಯಜಮಾನ್ರಿಗೆ ಫೋನ್ ಮಾಡ್ದೆ."

ವೇದಾವತಿಯ ಮೂಗಿನ ತುದಿ ಕೆಂಪಾಯಿತು.

"ಅಂದ್ರೆ ನಾನು ಬೈದಿದ್ದು ಸರಿನೇ?!"

"ಪೂರ್ತಿ ಸರಿ."

"ನಾನು ಇಷ್ಟು ದಿನ ಅತ್ತಿದ್ದು ದಂಡ?"

"ಅತ್ರಾ...?"

"ಇಲ್ಲ!"

ಅವನು ನಗಲಿಲ್ಲ. ಅವಳನ್ನೇ ನೋಡುತ್ತಾ ಮೆತ್ತಗೆ ಕೇಳಿದ, "ಇನ್ಮೇಲೆ ಏನೂ ಕೆಡದೇ ಇದ್ರೂ ಬರ್ಬೋದಾ, ವೇದಾ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಒಳಗೆ ಹೆಂಗಸರು ಹೊಸ ಪದ ಎತ್ತಿಕೊಂಡಿದ್ದರು.

"ಒಬ್ರೇ ಬರ್ಬೇಡಿ," ಎಂದಳು ಕಡೆಗೆ. "ಅಮ್ಮನ್ನ ಕರ್ಕೊಂಡು ಬನ್ನಿ."

"ಕರ್ಕೊಂಡೇ ಬಂದಿದೀನಿ."

ವೇದಾವತಿ ಬೆಚ್ಚಿ ಒಳಗೆ ನೋಡಿದಳು. ಪೆದ್ದಮ್ಮನ ಮಗ್ಗುಲಲ್ಲಿ, ಹಸಿರು ಸೀರೆಯ ಹೆಂಗಸೊಬ್ಬರು ಪುಸ್ತಕವನ್ನು ಕಣ್ಣಿಗೆ ಹತ್ತಿರ ಹಿಡಿದು, ತೆಲುಗಿನ ಎಳೆತದಲ್ಲಿ ಎಲ್ಲರಿಗಿಂತ ಜೋರಾಗಿ ಹಾಡುತ್ತಿದ್ದರು.

"ಅವ್ರಾ?! ಅಯ್ಯೋ... ಮೊದ್ಲೇ ಹೇಳಕ್ಕೇನ್ರೀ ನಿಮ್ಗೆ! ನಾನು ಅವ್ರಿಗೆ ಒಂದು ಲೋಟ ನೀರೂ ಕೊಟ್ಟಿಲ್ಲ!"

"ಪರವಾಲೇದು. ನಿಮ್ಮನ್ನ ನೋಡ್ಬಿಟ್ರು."

"ನೋಡಿ... ಏನಂದ್ರು?"

"'ಈ ಹುಡುಗಿ ನಿನ್ನನ್ನ ದಿನಾ ಬೈತಾಳೇನೋ' ಅಂದ್ರು."

"ನೀವೇನಂದ್ರಿ?"

"ದಿನಾ ಬೈಸ್ಕೊಳ್ಳಕ್ಕೇ ಬಂದಿರೋದಮ್ಮ ಅಂದೆ."

ವೇದಾವತಿ ನಗುವನ್ನು ತಡೆಯಲು ನೋಡಿ ಸೋತಳು. ಕೈ ಚಾಚಿ, ಈ ಸಲ ಯಾವ ಗಾಬರಿಯೂ ಇಲ್ಲದೆ, ಅವನ ತೋಳು ಹಿಡಿದಳು.

"ಬನ್ನಿ ಒಳಗೆ. ಮೊದ್ಲು ನಿಮ್ಮಮ್ಮಂಗೆ ನೀರು ಕೊಡೋಣ."